ಉಡುಪು, ಚಲನೆ ಮತ್ತು ಕಲಾಸೃಷ್ಟಿ

ಅನ್ನ, ವಸ್ತ್ರ, ವಸತಿ ಎಂಬ ಮೂರನ್ನು ಮನುಷ್ಯನ ಮೊದಲ ಅಗತ್ಯಗಳೆಂದು ಎಣಿಸುವುದು ವಾಡಿಕೆ. ಇವುಗಳಲ್ಲಿ ವಸ್ತ್ರವು ಚಳಿ ಬಿಸಿಲುಗಳಿಂದ ಮೈಯನ್ನು ಕಾಯುವುದೆಂಬುದನ್ನೂ ಮಾನವನ್ನು ರಕ್ಷಿಸುವುದೆಂಬುದನ್ನೂ ಎಲ್ಲರೂ ಬಲ್ಲರು. ಆದರೆ ವಸ್ತ್ರಕ್ಕೆ ಮೂರನೆಯದೊಂದು ಕಾರ್ಯವೂ ಉಂಟು. ಅದು ಉಟ್ಟವರ ಕೈಕಾಲುಗಳನ್ನು ಕೆಲಸಕ್ಕೆ ಬಿಟ್ಟುಕೊಡುವುದು, ಇಲ್ಲವೆ ತಡೆದು ನಿಲ್ಲಿಸುವುದು. ಕೈಕಾಲುಗಳಿಗೆ ತಡೆಯುಂಟಾದಲ್ಲಿ ಮನಸ್ಸಿಗೂ ತಡೆಯುಂಟಾಗುವುದು. ಚಿತ್ರ, ಶಿಲ್ಪ, ನೃತ್ಯ ಮೊದಲಾದ ಕಲೆಗಳಲ್ಲಿ ಹೊಸದನ್ನು ಕಲ್ಪಿಸುವ ಶಕ್ತಿಯು ಉಡುಪಿನಿಂದಲೂ ಚಲನೆಯಿಂದಲೂ ಹೇಗೆ ಬಿಡುಗಡೆ ಹೊಂದುವುದೆಂಬುದೇ ಈ ಲೇಖನದ ವಿಷಯ.

ಈ ವಿಷಯವನ್ನು ನಾವು ಕೇವಲ ಕುತೂಹಲದಿಂದ ಎತ್ತಿಕೊಂಡುದಲ್ಲ. ಪ್ರತಿವರ್ಷವೂ ಆಟೋಟಗಳ ದಿನವೂ ಶಾಲೆಯ ವಾರ್ಷಿಕೋತ್ಸವವೂ ಸಮೀಪಿಸಿದಾಗ ಹೆತ್ತವರಿಂದ ನಮಗೆ ಕೆಲವು ಕಾಗದಗಳು ಬರುವುದುಂಟು. ಹುಡುಗಿಯು ಎಂಟನೆಯ ತರಗತಿಗೆ ಬಂದಿರುವಳು, ಇನ್ನು ಮೇಲೆ ಅವಳನ್ನು ಓಟಕ್ಕೂ ಕೋಲಾಟಕ್ಕೂ ಸೇರಿಸಬಾರದು, ಆಟದ ಉಡುಪು ಮನೆಯವರಿಗೆ ಒಪ್ಪಿಗೆಯಿಲ್ಲ ಎಂಬುದು ಆ ಕಾಗದಗಳ ಸಾರಾಂಶ. ಅವುಗಳನ್ನು ಬರೆದವರು ಮಕ್ಕಳನ್ನು ಪ್ರೀತಿಸುವವರೇ ಹೊರತು ಬೇರೆಯಲ್ಲ. ಆದುದರಿಂದ ಅವರಿಗೆ ಒಂದು ಸಾಲಿನ ಉತ್ತರವನ್ನು ಕೊಡುವುದಕ್ಕಿಂತ ಈ ಸ್ಮರಣ ಸಂಚಿಕೆಯಲ್ಲಿ ಸಾವಕಾಶವಾಗಿ ವಿಚಾರ ಮಾಡುವುದು ಲೇಸೆಂದು ತೋರಿತು. ವಿಚಾರಕ್ಕೆ ಬೇಕಾದ ಪ್ರಮಾಣಗಳನ್ನು ದೂರದಿಂದ ತರಬೇಕಾದುದಿಲ್ಲ. ಅರಸೀಕೆರೆ, ಹಳೇಬೀಡು, ಬೇಲೂರುಗಳ ಕಲ್ಲುಗಳೇ ಅವನ್ನು ಎಂಟುನೂರು ಒಂಬೈನೂರು ವರ್ಷಗಳಿಂದ ಹೊತ್ತು ನಿಂತಿರುವುವು.

ಮೊದಲು ನಮ್ಮ ಮಾತನ್ನೇ ಪರೀಕ್ಷಿಸೋಣ. ಕೆಲಸಕ್ಕೆ ಮನಸ್ಸಿಟ್ಟು ನಿಂತವನನ್ನು ಕನ್ನಡವು ಟೊಂಕ ಕಟ್ಟಿ ನಿಂತವನೆನ್ನುವುದು; ಕಚ್ಚೆ ಬಿಗಿದವನೆನ್ನುವುದು. ಮನಸ್ಸಿನ ಸಿದ್ಧತೆಗೆ ನಮ್ಮ ಹಿರಿಯರು ಬಟ್ಟೆಯ ಮಾತನ್ನು ಆರಿಸಿಕೊಂಡುದು ಸುಮ್ಮನೆ ಅಲ್ಲ. ರಾಗಿಯ ಹೊಲದಲ್ಲಿ ಕಳೆ ಕೀಳುವ ತಾಯಿಯು ನೆರಿಗೆಯನ್ನು ಮೇಲೆತ್ತಿ ಸಿಕ್ಕಿಸಿ, ಸೆರಗನ್ನು ಸೊಂಟಕ್ಕೆ ಸುತ್ತಿ ಬಿಗಿಯುವಳು. ಅವಳನ್ನು ಮಾನವಿಲ್ಲದವಳೆಂದು ಯಾರೂ ಹೇಳರು. ನಮ್ಮ ಸೀಮೆಯ ಜಾತ್ರೆಗಳಲ್ಲಿ ಕಾಣುವ ವೀರಗಾಸೆಯ ಹೆಸರಿನಲ್ಲಿಯೇ ‘ಕಾಸೆ’ ಎಂಬ ಮಾತು ಇರುವುದು. ಕಾಸೆಯೆಂದರೆ ಬಿಗಿದುಟ್ಟ ಕಚ್ಚೆ. ಕುಣಿತಕ್ಕೆ ಹೆಸರು ಬಂದುದೇ ಉಡುವ ರೀತಿಯಿಂದ. ಸತ್ಯವೇದದಲ್ಲಿ ಜ್ಞಾನೋಕ್ತಿಗಳ ಕೊನೆಯ ಅಧ್ಯಾಯವು ವರ್ಣಿಸುವ ಗುಣವತಿಯಾದ ಸ್ತ್ರೀಯೂ ಬಲದಿಂದ ನಡುಕಟ್ಟಿಕೊಂಡು, ಉಣ್ಣೆಯನ್ನೂ ನಾರನ್ನೂ ಹುಡುಕಿ ತಂದು ತನ್ನ ಕೈಯಾರೆ ಕೆಲಸ ಮಾಡುವವಳು. ಹೀಗೆ ಹೊಲದ ತಾಯಿಯೂ ಕುಣಿತದ ವೀರನೂ ಜ್ಞಾನೋಕ್ತಿಯ ಗೃಹಿಣಿಯೂ ಬಟ್ಟೆಯನ್ನು ಮೊದಲು ಹದಕ್ಕೆ ತಂದುಕೊಂಡು ಆಮೇಲೆ ಕೆಲಸಕ್ಕೆ ಇಳಿಯುವವರೇ.

ಲೋಕದ ಮಾತು ಹೀಗಿರಲಾಗಿ, ಶಾಸ್ತ್ರದ ಮಾತೂ ಇದಕ್ಕೆ ವಿರುದ್ಧವಾಗಿಲ್ಲ. ಭರತಮುನಿಯ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸುವುದು. ಇವುಗಳಲ್ಲಿ ಆಹಾರ್ಯವೆಂದರೆ ಉಡುಗೆ ತೊಡುಗೆಗಳು. ಎಂದರೆ, ಮೈಯ ಚಲನೆಯೊಡನೆಯೂ ಬಾಯಿಯ ಮಾತಿನೊಡನೆಯೂ ಹೃದಯದ ಭಾವದೊಡನೆಯೂ ಉಡುಪಿಗೆ ಸಮಾನ ಸ್ಥಾನವು ದೊರೆತಿರುವುದು. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಇದಕ್ಕೂ ಮುಂದಿನ ಮಾತೊಂದುಂಟು. ವಜ್ರನೆಂಬ ಅರಸನು ವಿಗ್ರಹಗಳನ್ನು ಮಾಡುವ ವಿದ್ಯೆಯನ್ನು ಕಲಿಸಬೇಕೆಂದು ಮಾರ್ಕಂಡೇಯ ಋಷಿಯನ್ನು ಬೇಡುವನು. ಚಿತ್ರವನ್ನರಿಯದೆ ಶಿಲ್ಪವು ತಿಳಿಯದೆಂದೂ, ನೃತ್ಯವನ್ನರಿಯದೆ ಚಿತ್ರವು ತಿಳಿಯದೆಂದೂ, ವಾದ್ಯ ಗೀತಗಳನ್ನರಿಯದೆ ನೃತ್ಯವು ತಿಳಿಯದೆಂದೂ ಋಷಿಯು ಉತ್ತರ ಕೊಡುವನು. ಉಳಿಯನ್ನು ಹಿಡಿಯುವವನು ಮೊದಲು ಕುಣಿತವನ್ನು ಬಲ್ಲವನಾಗಿರಬೇಕು! ಕಲ್ಲು ಕದಲದು, ಅದನ್ನು ಕಡೆಯುವವನ ಮನಸ್ಸಿನಲ್ಲಿ ಕದಲಿಕೆಯಿಲ್ಲದಿದ್ದರೆ ಕಲ್ಲು ಕಲ್ಲಾಗಿಯೇ ಉಳಿಯುವುದು.

ಈ ಮಾತಿನ ಸತ್ಯವನ್ನು ಬೇಲೂರಿನಲ್ಲಿ ಕಣ್ಣಾರೆ ಕಾಣಬಹುದು. ಚೆನ್ನಕೇಶವ ದೇವಾಲಯವು ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, ೧೧೧೭ರಲ್ಲಿ ಪ್ರತಿಷ್ಠಿತವಾದುದು. ಅದರ ಕಲ್ಲು ನಮ್ಮ ಜನರು ಬಳಪದ ಕಲ್ಲೆಂದು ಕರೆಯುವ ಜಾತಿಯದು. ನೆಲದಿಂದ ತೆಗೆದಾಗ ಅದು ಮೃದುವಾಗಿದ್ದು, ಗಾಳಿಗೆ ತೆರೆದಿಟ್ಟಂತೆ ಗಟ್ಟಿಯಾಗುವುದು. ಆದುದರಿಂದಲೇ ಶಿಲ್ಪಿಗಳು ಅದರಲ್ಲಿ ನೂಲಿನ ಎಳೆಯಷ್ಟು ಸಣ್ಣ ಕೆಲಸವನ್ನೂ ಮಾಡಲು ಶಕ್ತರಾದರು. ಹೊರಗಿನ ಚಾವಣಿಯ ಅಂಚಿನ ಕೆಳಗೆ, ಕಂಬಗಳ ಮೇಲ್ತುದಿಯಲ್ಲಿ, ಮುಂದಕ್ಕೆ ಓರೆಯಾಗಿ ನಿಲ್ಲಿಸಿರುವ ಸ್ತ್ರೀವಿಗ್ರಹಗಳನ್ನು ಮದನಿಕೆಯರೆಂದೂ ಶಿಲಾಬಾಲಿಕೆಯರೆಂದೂ ಕರೆಯುವರು. ಹೊರಗೆ ೩೮, ಒಳಗೆ ನವರಂಗದಲ್ಲಿ ೪, ಒಟ್ಟು ೪೨ ವಿಗ್ರಹಗಳು ಇರುವುವು. ಒಂದೊಂದನ್ನೂ ಪ್ರತ್ಯೇಕವಾದ ಕಲ್ಲಿನಲ್ಲಿ ಕಡೆದು ಅದರ ಸ್ಥಾನದಲ್ಲಿ ಕೂರಿಸಿರುವುದರಿಂದ, ಒಬ್ಬೊಬ್ಬ ಶಿಲ್ಪಿಗೂ ತನ್ನದೇ ಆದ ಕಲ್ಪನೆಗೆ ಎಡೆ ದೊರೆತಂತಾಯಿತು.

ಈ ಬಾಲಿಕೆಯರಲ್ಲಿ ಸೆಟೆದು ನೇರವಾಗಿ ನಿಂತವರನ್ನು ಹುಡುಕಿದರೂ ಕಾಣುವುದು ಕಷ್ಟ. ತಲೆಯು ಒಂದು ಕಡೆಗೆ, ನಡುವು ಮತ್ತೊಂದು ಕಡೆಗೆ, ಮೊಣಕಾಲು ಮೊದಲಿನ ಕಡೆಗೆ ಬಾಗಿರುವ ಈ ನಿಲುವನ್ನು ತ್ರಿಭಂಗವೆನ್ನುವರು. ಒಬ್ಬಳು ಕನ್ನಡಿಯನ್ನು ಹಿಡಿದು ಮುಖವನ್ನು ನೋಡಿಕೊಳ್ಳುವಳು. ಒಬ್ಬಳು ಗಿಳಿಯೊಡನೆ ಮಾತನಾಡುವಳು. ಒಬ್ಬಳು ಮದ್ದಳೆಯನ್ನು ಬಾರಿಸುವಳು. ಒಬ್ಬಳು ಬಿಲ್ಲು ಹಿಡಿದು ಬೇಟೆಗೆ ಹೊರಟಿರುವಳು. ಹಲವರು ಕುಣಿಯುತ್ತಿರುವರು, ಅವರ ಕಾಲ ಬಳಿಯಲ್ಲಿ ತಾಳ ಮದ್ದಳೆಗಳನ್ನು ಹಿಡಿದ ಚಿಕ್ಕ ಚಿಕ್ಕ ವಾದ್ಯಗಾರರಿರುವರು. ಇವರ ಮೈಮೇಲೆ ಒಡವೆಗಳ ಭಾರವು ಕಡಿಮೆಯಲ್ಲವೆಂಬುದು ನಿಜ. ಆದರೆ ಶಿಲ್ಪಿಯು ಆ ಒಡವೆಗಳನ್ನು ಮೈಗೆ ಅಂಟಿಸಿಬಿಟ್ಟಿಲ್ಲ. ನಡುವು ಬಾಗಿದೆಡೆ ಹಾರವೂ ಬಾಗಿರುವುದು. ನವರಂಗದೊಳಗಿನ ಒಬ್ಬಳ ಕೈಬಳೆಯಂತೂ ಅಲುಗಾಡಿಸಿದರೆ ಅಲುಗಾಡುವುದು. ಉಟ್ಟ ಬಟ್ಟೆಯನ್ನು ತೊಡೆಯ ಮೇಲೆ ಸುಳಿಯುವ ಕೆಲವೇ ಗೆರೆಗಳಿಂದ ಸೂಚಿಸಲಾಗಿದೆ. ಆ ಗೆರೆಗಳು ಕಾಲನ್ನು ಮರೆಮಾಡದೆ, ಕಾಲು ಯಾವ ಕಡೆಗೆ ತಿರುಗುತ್ತಿದೆಯೆಂಬುದನ್ನೇ ಎತ್ತಿ ತೋರಿಸುವುವು.

ನಮ್ಮ ವಿಷಯಕ್ಕೆ ಎರಡು ವಿಗ್ರಹಗಳು ವಿಶೇಷವಾಗಿ ಒಪ್ಪುವುವು. ಒಂದರಲ್ಲಿ ತುಂಟ ಕಪಿಯೊಂದು ಬಾಲಿಕೆಯ ಉಡುಗೆಯನ್ನು ಹಿಡಿದೆಳೆಯುತ್ತಿರಲು, ಅವಳು ಟೊಂಗೆಯೊಂದನ್ನೆತ್ತಿ ಅದನ್ನು ಬೆದರಿಸುತ್ತಿರುವಳು. ಇನ್ನೊಂದರಲ್ಲಿ ಬಟ್ಟೆಯೊಳಗೆ ಚೇಳು ಸೇರಿಕೊಂಡುದನ್ನು ಕಂಡು ಬಾಲಿಕೆಯು ಅದನ್ನು ಕೊಡಹಿ ಬಿಡುತ್ತಿರುವಳು. ಬಟ್ಟೆಯು ತೊಡಕಾದಾಗ ಮೈ ಹೇಗೆ ಬೆಚ್ಚುವುದು, ಕೈ ಹೇಗೆ ಅದರ ಕಡೆಗೆ ಓಡುವುದು, ಗಮನವೆಲ್ಲವೂ ಹೇಗೆ ಒಂದೇ ಕಡೆಗೆ ಸೆಳೆಯಲ್ಪಡುವುದು ಎಂಬುದನ್ನು ಆ ಶಿಲ್ಪಿಗಳು ಎಷ್ಟು ಚೆನ್ನಾಗಿ ಕಂಡುಕೊಂಡಿದ್ದರು! ನಮ್ಮ ತರಗತಿಗಳಲ್ಲಿ ಕಪಿಯೂ ಇಲ್ಲ, ಚೇಳೂ ಇಲ್ಲ. ಆದರೂ ಎಷ್ಟೋ ಹುಡುಗಿಯರ ಎಡಗೈಯು ದಿನವೆಲ್ಲ ಭುಜದ ಬಟ್ಟೆಯನ್ನು ಸರಿಪಡಿಸುವುದರಲ್ಲಿಯೇ ಕಳೆದುಹೋಗುವುದು.

ಮದನಿಕೆಯರಂತೆ ಉಡಬೇಕೆಂದು ನಾವು ಹೇಳುತ್ತಿರುವೆವೆಂದು ಯಾರೂ ಭಾವಿಸಬಾರದು. ಅದು ಬೇರೆ ಕಾಲದ ಶಿಲ್ಪಸಂಪ್ರದಾಯ. ನಮ್ಮ ಕಾಲಕ್ಕೂ ನಮ್ಮ ಮಕ್ಕಳಿಗೂ ಅದು ಅಳತೆಗೋಲಲ್ಲ. ಅಲ್ಲಿಂದ ಕಲಿಯಬೇಕಾದುದು ಉಡುಪಿನ ಪ್ರಮಾಣವನ್ನಲ್ಲ, ಉಡುಪಿಗೂ ಚಲನೆಗೂ ಇರುವ ಸ್ನೇಹವನ್ನು. ಈ ಸ್ನೇಹವು ಆ ಕಾಲದ ಅರಮನೆಯಲ್ಲಿಯೂ ಗೌರವವನ್ನು ಪಡೆದಿತ್ತು. ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯ ಗೀತ ನೃತ್ಯಗಳ ಪ್ರೌಢಿಮೆಯನ್ನು ಶಾಸನಗಳು ಹೊಗಳುವುವು. ಬೇಲೂರಿನ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಅವಳೇ. ಕೇಶವನ ಗುಡಿಯ ನವರಂಗದ ನಡುವೆ ದುಂಡಗಿನ ನುಣುಪಾದ ನೃತ್ಯವೇದಿಕೆಯಿರುವುದು. ಕುಣಿತವು ಕಣ್ಣ ಮುಂದೆ ನಡೆಯುತ್ತಿದ್ದ ನಾಡಿನಲ್ಲಿ ಶಿಲ್ಪಿಗೆ ಮಾದರಿಯ ಬಡತನವಿರಲಿಲ್ಲ. ಶಿಲ್ಪಿಗಳೂ ಹೆಸರಿಲ್ಲದ ಕೂಲಿಗಳಾಗಿ ಮರೆಯಾಗಲಿಲ್ಲ. ಬಳ್ಳಿಗಾವೆಯ ದಾಸೋಜನೂ ಅವನ ಮಗನಾದ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರುಗಳನ್ನು ಕೆತ್ತಿರುವರು. ಇದು ತಾನು ಮಾಡಿದುದೆಂದು ಹೇಳಿಕೊಳ್ಳುವ ಧೈರ್ಯವೂ ಸ್ವತಂತ್ರ ಕಲ್ಪನೆಯ ಒಂದು ಲಕ್ಷಣವಲ್ಲವೆ?

ಬೇಲೂರಿನಿಂದ ಸುಮಾರು ೧೬ ಕಿಲೋಮೀಟರು ದೂರದ ಹಳೇಬೀಡಿಗೆ ಬಂದರೆ ಇದೇ ಪಾಠವು ಇನ್ನೊಂದು ರೂಪದಲ್ಲಿ ಕಾಣುವುದು. ೧೧೨೧ರ ಸುಮಾರಿಗೆ ಆರಂಭವಾದ ಹೊಯ್ಸಳೇಶ್ವರ ದೇವಾಲಯದ ತಳಭಾಗದಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣ ಕಥೆಗಳು, ಮಕರ, ಹಂಸ ಎಂಬ ಸಾಲುಗಳು ಒಂದರ ಮೇಲೊಂದು ಸುತ್ತಿ ಸಾಗುವುವು. ನೋಡುವವನು ನಿಂತಲ್ಲಿ ನಿಂತು ನೋಡಲಾರನು. ಸಾಲಿನೊಡನೆ ಅವನೂ ನಡೆಯಬೇಕಾಗುವುದು. ಮೇಲಿನ ಗೋಡೆಯಲ್ಲಿ ಕುಣಿಯುವ ಗಣಪತಿಯೂ ಕುಣಿಯುವ ಸರಸ್ವತಿಯೂ ಇರುವರು. ವಿದ್ಯೆಯ ಅಧಿದೇವತೆಯೆಂದು ಹಿಂದೂ ಜನರು ಪೂಜಿಸುವ ಸರಸ್ವತಿಯನ್ನು ಆ ಶಿಲ್ಪಿಯು ಪುಸ್ತಕದ ಮುಂದೆ ಕುಳ್ಳಿರಿಸದೆ ಕುಣಿಸಿದನು. ಶಾಲೆಗಳನ್ನು ನಡೆಸುವ ನಮ್ಮಂಥವರು ಆ ವಿಗ್ರಹದ ಮುಂದೆ ಸ್ವಲ್ಪ ಹೊತ್ತು ನಿಂತು ಯೋಚಿಸತಕ್ಕದ್ದು. ನಮ್ಮ ಅರಸೀಕೆರೆಯ ಈಶ್ವರ ದೇವಾಲಯವು ಇವೆರಡಕ್ಕಿಂತಲೂ ಚಿಕ್ಕದು, ೧೨೨೦ರ ಕಾಲದ್ದು. ಆದರೆ ಅದರ ಮುಖಮಂಟಪದ ಸೊಬಗು ಬೇರೆ. ನಕ್ಷತ್ರದ ಆಕಾರದ ತಳ, ಮೇಲೆ ಗುಮ್ಮಟದಂತೆ ದುಂಡಾದ ಚಾವಣಿ, ಸುತ್ತಲೂ ತೆರವು. ಗಾಳಿ ಬೆಳಕುಗಳು ನಾಲ್ಕು ಕಡೆಯಿಂದಲೂ ಬರುವುವು. ಒಳ್ಳೆಯ ಉಡುಪಿನ ಗುಣವೂ ಇದೇ: ಮೈಗೆ ನೆರಳನ್ನು ಕೊಡಬೇಕು, ಆದರೆ ಗೋಡೆಯಾಗಬಾರದು. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ೨೦೨೩ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಲೋಕವೇ ನೋಡಲು ಬರುವ ಈ ಕಲೆಯ ನೆರೆಯಲ್ಲಿ ಹುಟ್ಟಿದ ಹುಡುಗಿಯರು ಮೈ ಕುಗ್ಗಿಸಿ ನಡೆಯುವುದು ಸರಿಯೆ?

ದೇವಾಲಯದ ಕುಣಿತವು ಕ್ರೈಸ್ತ ಶಾಲೆಗೆ ಹೇಗೆ ಮಾದರಿಯಾದೀತೆಂದು ನಮ್ಮ ಸಭೆಯ ಹಿರಿಯರಲ್ಲಿ ಕೆಲವರು ಕೇಳಬಹುದು. ಅವರು ಸತ್ಯವೇದವನ್ನೇ ತೆರೆದು ನೋಡಲಿ. ಇಸ್ರಾಯೇಲ್ಯರು ಕೆಂಪು ಸಮುದ್ರವನ್ನು ದಾಟಿದ ಮೇಲೆ ಮಿರ್ಯಾಮಳು ದಮ್ಮಡಿಯನ್ನು ಹಿಡಿದು ಹೊರಟಾಗ ಸ್ತ್ರೀಯರೆಲ್ಲರೂ ನಾಟ್ಯವಾಡುತ್ತ ಅವಳ ಹಿಂದೆ ಹೋದರು. ಎಳೆಯನಾದ ದಾವೀದನಿಗೆ ಅರಸನಾದ ಸೌಲನು ತನ್ನ ಸ್ವಂತ ಕವಚವನ್ನೂ ತಾಮ್ರದ ಶಿರಸ್ತ್ರಾಣವನ್ನೂ ತೊಡಿಸಿದನು. ಅದಕ್ಕಿಂತ ದೊಡ್ಡ ಮರ್ಯಾದೆಯ ಉಡುಪು ಆ ರಾಜ್ಯದಲ್ಲಿರಲಿಲ್ಲ. ಆದರೆ ಅದನ್ನು ತೊಟ್ಟು ನಡೆಯಲಾರೆನೆಂದು ದಾವೀದನು ಎಲ್ಲವನ್ನೂ ಕಳಚಿಟ್ಟು, ಹಳ್ಳದ ಐದು ಕಲ್ಲುಗಳನ್ನೂ ಕವಣೆಯನ್ನೂ ಹಿಡಿದು ಹೊರಟನು. ಮುಂದೆ ಅವನೇ ಅರಸನಾಗಿ, ದೇವರ ಮಂಜೂಷವನ್ನು ಪಟ್ಟಣಕ್ಕೆ ತರುವಾಗ ರಾಜವಸ್ತ್ರವನ್ನು ಬದಿಗಿಟ್ಟು, ನಾರಿನ ಏಫೋದನ್ನು ಧರಿಸಿ ಪೂರ್ಣ ಬಲದಿಂದ ಕುಣಿದನು. ಕಿಟಕಿಯಲ್ಲಿ ನಿಂತು ನೋಡಿದ ಮೀಕಲಳು ಅವನನ್ನು ಹೀಯಾಳಿಸಿದಳು. ವೇದವು ಯಾರ ಪಕ್ಷವನ್ನು ಹಿಡಿದಿದೆಯೆಂಬುದು ಓದಿದವರಿಗೆಲ್ಲ ಗೊತ್ತು. ದಾವೀದನ ಈ ಎರಡು ಚರಿತ್ರೆಗಳಲ್ಲಿಯೂ ಉಡುಪಿನ ಬೆಲೆಯನ್ನು ಅಳೆದುದು ಅದರ ಆಡಂಬರದಿಂದಲ್ಲ. ಅದನ್ನು ತೊಟ್ಟವನು ತನ್ನ ಕೆಲಸವನ್ನು ಪೂರ್ಣ ಬಲದಿಂದ ಮಾಡಬಲ್ಲನೇ ಎಂಬುದರಿಂದ.

ಇನ್ನು ಸಮೀಪಕಾಲದ ಚರಿತ್ರೆಗೆ ಬರೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪು ಅಮೆರಿಕಗಳ ಸ್ತ್ರೀಯರು ತಿಮಿಂಗಿಲದ ಬಾಯಿಯ ಕಡ್ಡಿಗಳನ್ನೋ ಉಕ್ಕಿನ ಕಡ್ಡಿಗಳನ್ನೋ ಹೊಲಿದ ಬಿಗಿಯಾದ ಒಳಕವಚವನ್ನು ನಡುವಿಗೆ ಕಟ್ಟಿಕೊಳ್ಳುತ್ತಿದ್ದರು. ಉಸಿರನ್ನು ತುಂಬ ಎಳೆದುಕೊಳ್ಳುವುದೂ ಅವರಿಗೆ ಕಷ್ಟವಾಗಿತ್ತು. ೧೮೭೭ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇಸಡೋರಾ ಡಂಕನ್ ಎಂಬ ನರ್ತಕಿಯು ಆ ಕವಚವನ್ನೂ ಬಿಗಿಯಾದ ಪಾದರಕ್ಷೆಯನ್ನೂ ತ್ಯಜಿಸಿ, ಪುರಾತನ ಗ್ರೀಕರ ಕಲಶಗಳ ಮೇಲಿನ ಚಿತ್ರಗಳನ್ನು ಅಭ್ಯಾಸ ಮಾಡಿ, ಸಡಿಲವಾದ ನಿಲುವಂಗಿಯಲ್ಲಿ ಬರಿಗಾಲಿನಿಂದ ಕುಣಿದಳು. ಪಾಶ್ಚಾತ್ಯ ನೃತ್ಯದಲ್ಲಿ ಹೊಸಯುಗವನ್ನು ತೆರೆದವರಲ್ಲಿ ಅವಳೊಬ್ಬಳೆಂದು ಎಣಿಸುವರು. ಅದೇ ಕಾಲದಲ್ಲಿ ಫ್ರಾನ್ಸಿನ ಶಿಲ್ಪಿ ರೋದಾನನು (೧೮೪೦–೧೯೧೭) ತನ್ನ ಮಾದರಿಗಳನ್ನು ಗೊಂಬೆಗಳಂತೆ ನಿಲ್ಲಿಸದೆ, ಕೆಲಸದ ಕೋಣೆಯಲ್ಲಿ ತಮ್ಮಿಚ್ಛೆಯಂತೆ ನಡೆದಾಡಲು ಬಿಟ್ಟು, ಕಣ್ಣನ್ನು ಕಾಗದದ ಕಡೆಗೆ ತಿರುಗಿಸದೆಯೇ ಅವರ ಚಲನೆಯನ್ನು ಗೆರೆಗಳಲ್ಲಿ ಹಿಡಿಯುತ್ತಿದ್ದನು. ಆದರೆ ಡಂಕನಳ ಜೀವನವು ಒಂದು ಎಚ್ಚರಿಕೆಯನ್ನೂ ಬಿಟ್ಟುಹೋಗಿದೆ. ೧೯೨೭ರಲ್ಲಿ ಅವಳು ಮೋಟಾರಿನಲ್ಲಿ ಹೋಗುತ್ತಿದ್ದಾಗ ಕೊರಳಿನ ನೀಳವಾದ ಉತ್ತರೀಯವು ಚಕ್ರಕ್ಕೆ ಸಿಕ್ಕಿ ಮರಣವನ್ನು ಹೊಂದಿದಳು. ಸ್ಕೂಟರಿನ ಹಿಂದೆ ಕುಳಿತು ಶಾಲೆಗೆ ಬರುವ ನಮ್ಮ ಹುಡುಗಿಯರು ದುಪಟ್ಟಾವನ್ನು ಬಿಗಿಯಾಗಿ ಕಟ್ಟಿಕೊಳ್ಳಬೇಕೆಂದು ನಾವು ದಿನವೂ ಹೇಳುವುದು ಇದೇ ಕಾರಣದಿಂದ. ಸಡಿಲವೂ ಸಮಯವನ್ನರಿಯದಿದ್ದರೆ ಬಂಧನವೇ.

ನಮ್ಮ ದೇಶದಲ್ಲಿ ರುಕ್ಮಿಣೀದೇವಿ ಅರುಂಡೇಲರು (೧೯೦೪–೧೯೮೬) ೧೯೩೫ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಭರತನಾಟ್ಯವನ್ನು ಪ್ರದರ್ಶಿಸಿ, ಮರುವರ್ಷ ಕಲಾಕ್ಷೇತ್ರವಾಗಿ ಬೆಳೆದ ಸಂಸ್ಥೆಯನ್ನು ಸ್ಥಾಪಿಸಿದರು. ದೇವಾಲಯಗಳ ಶಿಲ್ಪಗಳನ್ನು ನೋಡಿ ಅವರು ನೃತ್ಯದ ಉಡುಪನ್ನು ಹೊಸದಾಗಿ ರೂಪಿಸಿದರು. ಸೀರೆಯ ಅಂದವು ಕೆಡದಂತೆ ಹೊಲಿದ ಆ ಉಡುಪಿನಲ್ಲಿ, ಮೊಣಕಾಲುಗಳನ್ನು ಬಾಗಿಸಿ ಅರೆಮಂಡಿಯಲ್ಲಿ ನಿಂತೊಡನೆ ಮುಂದಿನ ನೆರಿಗೆಯು ಬೀಸಣಿಗೆಯಂತೆ ಬಿಚ್ಚಿಕೊಳ್ಳುವುದು. ಮೈ ಮುಚ್ಚಿರುವುದು, ಚಲನೆಯು ಮುಚ್ಚಿಲ್ಲ. ಮಾನಕ್ಕೂ ಕಲೆಗೂ ಜಗಳವಿಲ್ಲವೆಂಬುದಕ್ಕೆ ಆ ನೆರಿಗೆಯೇ ಸಾಕ್ಷಿ. ಈ ಕಲೆಯನ್ನು ಅವರಿಗಿಂತ ಮುಂಚೆ ತಲೆತಲಾಂತರವಾಗಿ ಕಾಪಾಡಿಕೊಂಡು ಬಂದ ಸ್ತ್ರೀಯರನ್ನೂ ಇಲ್ಲಿ ನೆನೆಯಬೇಕು. ಮೈಸೂರಿನ ಜಟ್ಟಿ ತಾಯಮ್ಮನವರ ಶಿಷ್ಯೆಯಾದ ಕೆ. ವೆಂಕಟಲಕ್ಷಮ್ಮನವರು (೧೯೦೬–೨೦೦೨) ನಮ್ಮ ನೆರೆಯ ಕಡೂರು ಸೀಮೆಯ ತಾಂಡ್ಯವೊಂದರಲ್ಲಿ, ಲಂಬಾಣಿ ಕುಲದಲ್ಲಿ ಹುಟ್ಟಿದವರು. ಕನ್ನಡಿಯ ಬಿಲ್ಲೆಗಳನ್ನಿಟ್ಟು ಕಸೂತಿ ಮಾಡಿದ ಲಂಗವನ್ನು ತೊಟ್ಟು, ದುಂಡಾಗಿ ನಿಂತು ಕುಣಿಯುವ ಜನಾಂಗವದು. ಆ ಮನೆತನದ ಮಗಳು ಮೈಸೂರಿನ ಆಸ್ಥಾನ ವಿದುಷಿಯಾಗಿ, ಭಾವಾಭಿನಯದಲ್ಲಿ ಹೆಸರಾಗಿ, ೧೯೯೨ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ಪಡೆದರು.

ಚಿತ್ರಕಾರರಲ್ಲಿಯೂ ಇದಕ್ಕೆ ನಿದರ್ಶನವುಂಟು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಪ್ರಸಿದ್ಧ ಚಿತ್ರಕಾರರಾದವರು. ಅವರು ತಮ್ಮ ರೇಖೆಗೆ ಲಯವು ಬರಬೇಕೆಂದು, ಪಂಡಿತ ಸುಂದರಪ್ರಸಾದರಲ್ಲಿ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ವೇದಿಕೆಯ ಮೇಲೆ ಕುಣಿಯಬೇಕೆಂಬುದು ಅವರ ಉದ್ದೇಶವಾಗಿರಲಿಲ್ಲ. ಕಾಲು ತಿಳಿದುದನ್ನು ಕೈಗೆ ತಿಳಿಸಬೇಕೆಂಬುದೇ ಉದ್ದೇಶ. ಹಾಡುವ ರೇಖೆಯೆಂದು ಹೆಸರಾದ ಅವರ ರೇಖಾಚಿತ್ರಗಳಲ್ಲಿ, ಕೈಯೆತ್ತದೆ ಎಳೆದಂತೆ ಕಾಣುವ ಗೆರೆಗಳಲ್ಲಿ, ನರ್ತಕಿಯ ಮೈ ಪೂರ್ತಿಯಾಗಿ ಸುಳಿದು ಹೋಗುವುದು. ಮಾರ್ಕಂಡೇಯನು ವಜ್ರನಿಗೆ ಹೇಳಿದುದನ್ನು ನಮ್ಮ ಕಾಲದ ಕನ್ನಡಿಗರೊಬ್ಬರು ಹೀಗೆ ತಮ್ಮ ಮೈಯಲ್ಲಿಯೇ ಪರೀಕ್ಷಿಸಿ ನೋಡಿದರು.

ಬಟ್ಟೆಯು ಕಡಿಮೆಯಾದಷ್ಟೂ ಸ್ವಾತಂತ್ರ್ಯವು ಹೆಚ್ಚುವುದೆಂದು ಇದರಿಂದ ಯಾರೂ ತಪ್ಪು ತಿಳಿಯದಿರಲಿ. ಕರಾವಳಿಯ ಯಕ್ಷಗಾನದ ವೇಷವನ್ನು ನೋಡಿರಿ. ಕಿರೀಟ, ಭುಜಕೀರ್ತಿ, ಎದೆಕಟ್ಟು, ಗೆಜ್ಜೆಗಳೆಂದು ಅದರ ಭಾರವು ಎಷ್ಟಿರುವುದು! ಆದರೂ ಕಸೆ ಸೀರೆಯನ್ನು ಕಚ್ಚೆಯಾಗಿ ಬಿಗಿದುಟ್ಟಿರುವುದರಿಂದ ಕಾಲುಗಳು ಸ್ವತಂತ್ರವಾಗಿರುವುವು. ವೇಷವು ದೊಡ್ಡದಾದುದರಿಂದಲೇ ಹೆಜ್ಜೆಯೂ ದೊಡ್ಡದಾಗಿ, ಮನುಷ್ಯಮಾತ್ರನಾದವನು ರಾವಣನಾಗಿ ಗರ್ಜಿಸಬಲ್ಲನು. ಮತ್ತೊಂದು ಚರಿತ್ರೆಯನ್ನೂ ನೆನೆಯತಕ್ಕದ್ದು. ತಿರುವಾಂಕೂರು ಸೀಮೆಯಲ್ಲಿ ನಾಡಾರ್ ಮೊದಲಾದ ಕುಲಗಳ ಸ್ತ್ರೀಯರು ಎದೆಯ ಮೇಲೆ ವಸ್ತ್ರವನ್ನು ಹೊದೆಯಲು ಮೇಲಿನ ಜಾತಿಗಳವರು ಬಿಡುತ್ತಿರಲಿಲ್ಲ. ಕ್ರೈಸ್ತರಾದ ಸ್ತ್ರೀಯರೂ ಅವರ ಸೋದರಿಯರೂ ದಶಕಗಳ ಕಾಲ ಹೋರಾಡಿದ ಮೇಲೆ ೧೮೫೯ರಲ್ಲಿ ಅಲ್ಲಿಯ ಮಹಾರಾಜರ ಘೋಷಣೆಯಿಂದ ಆ ಹಕ್ಕು ದೊರೆಯಿತು. ಡಂಕನಳಿಗೆ ಕಳಚುವುದು ಬಿಡುಗಡೆಯಾದಂತೆ ಅವರಿಗೆ ಹೊದೆಯುವುದೇ ಬಿಡುಗಡೆಯಾಯಿತು. ಆದುದರಿಂದ ಅಳತೆಯು ಮೊಳಗಳಲ್ಲಿಲ್ಲ. ಉಟ್ಟವಳು ತಲೆಯೆತ್ತಿ ನಡೆಯಬಲ್ಲಳೇ, ಮೈಮರೆತು ಕೆಲಸ ಮಾಡಬಲ್ಲಳೇ ಎಂಬುದರಲ್ಲಿದೆ.

ನಮ್ಮ ಶಾಲೆಯಲ್ಲಿ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ಚಿತ್ರಕಲೆಯ ತರಗತಿಯಲ್ಲಿ ದೊಡ್ಡ ಹಾಳೆಯನ್ನು ಕೊಟ್ಟರೂ ಅದರ ಮೂಲೆಯಲ್ಲಿ ಅಂಗೈಯಗಲದ ಚಿತ್ರವನ್ನು ಬರೆಯುವ ಹುಡುಗಿಯರು ಹಲವರು. ಆದರೆ ಇವರೇ ಸಂಕ್ರಾಂತಿಯ ದಿನ ಶಾಲೆಯ ಅಂಗಳದಲ್ಲಿ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಬಾಗಿ ನಡೆದು ಸುತ್ತಿ, ಭುಜದಿಂದ ಬೆರಳಿನವರೆಗೆ ಕೈಯನ್ನು ಬೀಸಿ ಎರಡಾಳುದ್ದದ ರಂಗೋಲಿಯನ್ನು ಒಂದು ತಪ್ಪಿಲ್ಲದೆ ಹಾಕಿದರು. ಕೈ ಅದೇ, ಕಣ್ಣು ಅದೇ. ಬದಲಾದುದು ಉಡುವ ರೀತಿ, ನಿಲ್ಲುವ ರೀತಿ. ಇದನ್ನು ಕಂಡ ಮೇಲೆ ಬೇಲೂರಿನ ಪ್ರವಾಸದಲ್ಲಿ ಒಂದು ಪರೀಕ್ಷೆಯನ್ನು ಮಾಡಿದೆವು. ದರ್ಪಣಸುಂದರಿಯನ್ನು ಮೊದಲು ಸುಮ್ಮನೆ ನೋಡಿ ಬರ್ರೆಯೆಂದೆವು. ಬಂದ ಚಿತ್ರಗಳು ನೆಟ್ಟ ಕಂಬದಂತಿದ್ದುವು. ಆಮೇಲೆ ಎಲ್ಲರೂ ಬಟ್ಟೆಯನ್ನು ಅಡಕವಾಗಿ ಕಟ್ಟಿಕೊಂಡು, ಅದೇ ನಿಲುವಿನಲ್ಲಿ ನಿಂತು, ಭಾರವನ್ನು ಒಂದೇ ಕಾಲಿಗೆ ಕೊಟ್ಟು, ಯಾವ ಭುಜ ಏರಿತು, ಯಾವ ಸೊಂಟ ಇಳಿಯಿತು ಎಂಬುದನ್ನು ತಮ್ಮ ಮೈಯಲ್ಲಿಯೇ ಕಂಡುಕೊಳ್ಳಲಿ ಎಂದೆವು. ಎರಡನೆಯ ಸಲ ಬರೆದಾಗ ಕಂಬಗಳು ಬಳ್ಳಿಗಳಾದುವು. ದಿನವೂ ಎಡಗೈಯಿಂದ ದುಪಟ್ಟಾವನ್ನು ಹಿಡಿದುಕೊಂಡೇ ಬಲಗೈಯಿಂದ ಬರೆಯುತ್ತಿದ್ದ ಹುಡುಗಿಯೊಬ್ಬಳ ಹಾಳೆಯು ಆ ದಿನ ಜಾರಲಿಲ್ಲ. ಅದನ್ನು ಒತ್ತಿ ಹಿಡಿಯಲು ಅವಳಿಗೆ ಇನ್ನೊಂದು ಕೈ ದೊರೆತಿತ್ತು.

ಹೆತ್ತವರಲ್ಲಿ ನಮ್ಮ ವಿನಂತಿಯು ಇಷ್ಟೇ. ಮಾನವು ಹೆಣ್ಣುಮಕ್ಕಳಿಗೆ ಭೂಷಣವೆಂಬುದನ್ನು ನಾವು ನಿಮ್ಮಷ್ಟೇ ನಂಬುವೆವು. ಆದರೆ ಮಾನವು ನಡತೆಯಲ್ಲಿರುವುದು, ನಿಶ್ಚಲತೆಯಲ್ಲಿಲ್ಲ. ಹನ್ನೆರಡು ವರ್ಷದವರೆಗೆ ಓಡಿದ ಹುಡುಗಿಯನ್ನು ಹದಿಮೂರನೆಯ ವರ್ಷದಲ್ಲಿ ನಿಲ್ಲಿಸಿಬಿಟ್ಟರೆ ನಿಲ್ಲುವುದು ಅವಳ ಕಾಲು ಮಾತ್ರವಲ್ಲ. ಒಂದು ಕೈಯು ಸೆರಗಿನ ಮೇಲೆಯೂ ಒಂದು ಕಣ್ಣು ನೋಡುವವರ ಮೇಲೆಯೂ ಇದ್ದರೆ ಕೆಲಸಕ್ಕೆ ಉಳಿಯುವುದು ಅರ್ಧ ಮೈ, ಅರ್ಧ ಮನಸ್ಸು. ಅರ್ಧ ಮನಸ್ಸಿನಿಂದ ಯಾವ ದಾಸೋಜನೂ ಯಾವ ಮದನಿಕೆಯನ್ನೂ ಕಡೆಯಲಿಲ್ಲ. ಆಟದ ದಿನದ ಪ್ಯಾಂಟು ಅಂಗಿಗಳನ್ನು ನಮ್ಮ ಉಪಾಧ್ಯಾಯಿನಿಯರೇ ಆರಿಸುವರು. ಅವು ಮೈಯನ್ನು ಚೆನ್ನಾಗಿ ಮುಚ್ಚುವುವು. ಒಮ್ಮೆ ಬಂದು ನೋಡಿ ಆಮೇಲೆ ನಿರ್ಣಯಿಸಬೇಕೆಂದು ಬೇಡುತ್ತೇವೆ.

ವಿದ್ಯಾರ್ಥಿನಿಯರಿಗೂ ಒಂದೆರಡು ಮಾತುಗಳುಂಟು. ಅಂಗಡಿಯ ಗಾಜಿನೊಳಗೆ ತೂಗುಹಾಕಿದ್ದೆಲ್ಲವೂ ಸ್ವಾತಂತ್ರ್ಯದ ಉಡುಪಲ್ಲ. ಕೂರಲಾರದಷ್ಟು ಬಿಗಿಯಾದುದೂ, ನಡೆಯಲಾರದಷ್ಟು ಎತ್ತರದ ಹಿಮ್ಮಡಿಯುಳ್ಳ ಪಾದರಕ್ಷೆಯೂ ಹಳೆಯ ಒಳಕವಚದ ಮಕ್ಕಳೇ. ಹೊಸ ಬಟ್ಟೆಯನ್ನು ಕೊಳ್ಳುವಾಗ ನಾಲ್ಕು ಪರೀಕ್ಷೆಗಳನ್ನು ಮಾಡಿರಿ. ಎರಡು ಕೈಗಳನ್ನೂ ತಲೆಯ ಮೇಲೆತ್ತಿರಿ. ನೆಲದ ಮೇಲೆ ಚಕ್ಕಂಬಟ್ಟಲು ಹಾಕಿ ಕೂರಿರಿ. ನಾಲ್ಕು ಮೆಟ್ಟಿಲುಗಳನ್ನು ಓಡಿ ಹತ್ತಿರಿ. ತುಂಬ ಉಸಿರನ್ನೆಳೆದು ಒಂದು ಕೀರ್ತನೆಯನ್ನು ಹಾಡಿರಿ. ನಾಲ್ಕರಲ್ಲಿಯೂ ಬಟ್ಟೆಯು ನಿಮ್ಮನ್ನು ಕರೆಯದಿದ್ದರೆ ಅದು ನಿಮ್ಮ ಆಳು. ಕರೆದರೆ ಅದು ನಿಮ್ಮ ಒಡೆಯ. ಆಳನ್ನೇ ಮನೆಗೆ ತನ್ನಿರಿ.

ವಿಮೋಚನಕಾಂಡದಲ್ಲಿ ದೇವಗುಡಾರವನ್ನು ಕಟ್ಟುವ ಕಾಲಕ್ಕೆ ಬೆಚಲೇಲನೆಂಬ ಕುಶಲಕರ್ಮಿಯನ್ನು ದೇವರು ತನ್ನ ಆತ್ಮದಿಂದ ತುಂಬಿಸಿ, ಚಿನ್ನ, ಕಲ್ಲು, ಮರಗಳಲ್ಲಿ ವಿಚಿತ್ರವಾದ ಕೆಲಸಗಳನ್ನು ಕಲ್ಪಿಸುವ ಜ್ಞಾನವನ್ನು ಕೊಟ್ಟನೆಂದಿದೆ. ಕಲ್ಪನೆಯು ಮೇಲಿನಿಂದ ಬರುವ ವರ. ಅದನ್ನು ಬರಮಾಡಿಕೊಳ್ಳಲು ಎರಡು ಕೈಗಳೂ ತೆರವಾಗಿರಬೇಕು. ಈ ಸಂಚಿಕೆಯನ್ನು ಓದುವ ಪ್ರತಿಯೊಬ್ಬ ಬಾಲಿಕೆಗೂ ಅಂತಹ ತೆರವಾದ ಕೈಗಳೂ, ಅವುಗಳಿಗೆ ತಕ್ಕ ಕೆಲಸವೂ, ಆ ಕೆಲಸವನ್ನು ಕಂಡು ಸಂತೋಷಪಡುವ ಹಿರಿಯರೂ ದೊರೆಯಲಿ ಎಂದು ಹಾರೈಸುತ್ತೇವೆ.